ಒಂಬತ್ತು ಅಂಕಗಳ ಲೆಕ್ಕ

ಗೃಹಸ್ಥರು ಮನೆಮಂದಿಯೊಡನೆ ಕುಳಿತು ಓದುವ ಪತ್ರಿಕೆಯಲ್ಲಿ ಬೀರಿನ ಮಾತೆತ್ತಿದುದಕ್ಕೆ ವಾಚಕರು ಮೊದಲು ನಮ್ಮನ್ನು ಕ್ಷಮಿಸಬೇಕು. ಪಾನವನ್ನು ಹೊಗಳುವ ಉದ್ದೇಶ ನಮಗಿಲ್ಲ. ನಮ್ಮ ಮನೆಯಾಕೆಯಂತೂ ಅದರ ಒಂದು ತೊಟ್ಟನ್ನೂ ನಾಲಗೆಗೆ ಸೋಕಿಸಿದವಳಲ್ಲ. ಆದರೂ ಕಳೆದ ವರ್ಷ ನಾವು ಒಂದು ಪಾಕದಲ್ಲಿ ಸೋತು, ಸೋತುದರ ಕಾರಣವನ್ನು ಹುಡುಕುತ್ತ ಹೋಗಿ, ಕೊನೆಗೆ ಅದು ಸಿಕ್ಕಿದಾಗ ‘ಸಿಕ್ಕದೆ ಇದ್ದಿದ್ದರೇ ಚೆನ್ನಾಗಿತ್ತು’ ಎಂದುಕೊಂಡ ಪ್ರಸಂಗವೊಂದುಂಟು. ಆ ಪಾಕವು ಬೀರಾಗಿತ್ತು. ಅದಕ್ಕೆ ನಾವೇನು ಮಾಡೋಣ?

ನಾವಿರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಮೈಸೂರನ್ನು ಬಿಟ್ಟು ಬಂದು ಹತ್ತೊಂಬತ್ತು ವರ್ಷಗಳಾದುವು. ಗೋಡೆಗೆ ಗೋಡೆ ತಗುಲಿಕೊಂಡಿರುವ ಕೆಂಪಿಟ್ಟಿಗೆಯ ಮನೆಗಳ ಸಾಲು; ಎಡಗಡೆಯ ಮನೆಯಲ್ಲಿ ಎಂಬತ್ತೈದರ ಒಬ್ಬ ಹಿರಿಯರು. ಯಂತ್ರಶಾಲೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ನಮ್ಮ ಮಕ್ಕಳು ಚಿಕ್ಕಂದಿನಲ್ಲಿ ಅವರನ್ನು ‘ಅಜ್ಜ’ ಎಂದು ಕರೆಯಲಾರಂಭಿಸಿದರು; ಶಬ್ದದ ಅರ್ಥ ತಿಳಿದ ಮೇಲೆ ಅವರೂ ಅದಕ್ಕೆ ಓಗೊಡತೊಡಗಿದರು. ಅಂದಿನಿಂದ ನಮ್ಮ ಮನೆಯಲ್ಲಿ ಅವರಿಗೆ ಬೇರೆ ಹೆಸರಿಲ್ಲ.

ಈ ದೇಶದಲ್ಲಿ ಮನೆಯ ಉಪಯೋಗಕ್ಕೆ ಬೀರು ಮಾಡಿಕೊಳ್ಳುವವರು ೧೮೮೦ರ ಕಾಯಿದೆಯ ಮೇರೆಗೆ ಲೈಸೆನ್ಸು ಪಡೆಯಬೇಕಾಗಿತ್ತು. ೧೯೬೩ರಲ್ಲಿ ಸರಕಾರವು ಅದನ್ನು ತೆಗೆದುಹಾಕಿತು. ಮಾಡಿದುದನ್ನು ಮಾರಕೂಡದು, ಅಷ್ಟೆ. (ಕರ್ನಾಟಕದಲ್ಲಿ ೧೯೬೫ರ ಅಬಕಾರಿ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಆದಕಾರಣ ಇದನ್ನೋದಿ ಯಾರೂ ಹಂಡೆ ತೊಳೆಯಲು ಏಳಬೇಡಿರಿ.) ಆ ವರ್ಷ ಅಜ್ಜನಿಗೆ ಇಪ್ಪತ್ತನಾಲ್ಕರ ಪ್ರಾಯ, ಆಗತಾನೆ ಮದುವೆಯಾಗಿತ್ತು. ಅವರ ಪತ್ನಿಗೆ ಸ್ಟೌಟು ಎಂಬ ಕರಿಯ ಬೀರಿನ ಮೇಲೆ ಪ್ರೀತಿ. ಅಂದು ಹೊತ್ತಿಸಿದ ಒಲೆಯನ್ನು ಆತ ಆರಿಸಲಿಲ್ಲ. ಆಕೆ ತೀರಿಕೊಂಡು ಒಂಬತ್ತು ವರ್ಷ. ಪ್ರತಿ ನವೆಂಬರಿನಲ್ಲಿ ಆಕೆ ತೀರಿಕೊಂಡ ದಿವಸ ಬೀದಿಯ ಐದಾರು ಮನೆಯವರು ಅಜ್ಜನ ಹಜಾರದಲ್ಲಿ ಸೇರುತ್ತಾರೆ. ಅವರ ಕೈಯ ಸ್ಟೌಟನ್ನು ಒಂದೊಂದು ಲೋಟ ಕುಡಿದು, ಆಕೆಯ ಮಾತಾಡಿ, ಎದ್ದು ಹೋಗುತ್ತಾರೆ. ಮನೆಯಾಕೆಗೆ ಆ ದಿನ ಚಹಾ.

ಹೋದ ವರ್ಷ ಅಜ್ಜನ ಕಣ್ಣಿನ ನಡುಭಾಗವು ಮಸಳಿಸಿತು. ಬಾಗಿಲು, ಕುರ್ಚಿ, ಮನುಷ್ಯರ ಆಕಾರ ಕಾಣುತ್ತವೆ. ಅಕ್ಷರ, ಅಂಕೆ, ಮುಖ ಕಾಣುವುದಿಲ್ಲ. ಆಗಸ್ಟಿನಲ್ಲಿ ಒಂದು ಸಂಜೆ ಬಂದು, ಈ ಸಲ ನೀವು ಮಾಡಿಕೊಡಬೇಕು ಎಂದರು. ಹತ್ತು ವರ್ಷ ಅವರ ಪಕ್ಕದಲ್ಲಿ ನಿಂತು ಸೌಟಾಡಿಸಿದವರು ನಾವು. ಒಲ್ಲೆನೆನ್ನಲು ಬಾಯಿ ಬರಲಿಲ್ಲ. ತಾವೇ ಕೈಯಾರೆ ಮಾಡಿದ ಕಾಳು ಒಡೆಯುವ ಯಂತ್ರ, ಹಂಡೆ, ಹೈಡ್ರಾಮೀಟರು ಎಲ್ಲವನ್ನೂ ನಮ್ಮ ಮನೆಗೆ ಕಳುಹಿಸಿದರು.

ಇದರ ಮರ್ಮವನ್ನು ನಮ್ಮ ಕಡೆಯ ಗೃಹಿಣಿಯರಿಗೆ ವಿವರಿಸುವುದು ಸುಲಭ. ಅರ್ಧ ಅವರಿಗೆ ತಿಳಿದೇ ಇದೆ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸಿದ ಹಿಟ್ಟಿನಿಂದ ಮಗುವಿಗೆ ಗಂಜಿ ಕಾಯಿಸುತ್ತಾರಷ್ಟೆ. ಅದೇ ಅಳತೆಯ ಬರಿ ರಾಗಿಹಿಟ್ಟು ಮುದ್ದೆಗಟ್ಟುವ ಕಡೆ ಇದು ತೆಳ್ಳಗೆ ನಿಂತು, ಕೊಂಚ ಸಿಹಿಯಾಗಿರುತ್ತದೆ. ಮೊಳೆಯುವಾಗ ಕಾಳಿನಲ್ಲಿ ಹುಟ್ಟಿದ ಡಯಾಸ್ಟೇಸ್ ಎಂಬ ದ್ರವ್ಯವು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದೇ ಕಾರಣ. ಬೀರಿಗೂ ಇದೇ ವಿದ್ಯೆ, ರಾಗಿಯ ಬದಲು ಬಾರ್ಲಿ. ಮೊಳೆಯಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಸುಮಾರು ೬೬ ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಒಂದು ಗಂಟೆ ನೆನೆಯಿಡಬೇಕು. ಕುದಿಸಿದರೆ ಡಯಾಸ್ಟೇಸ್ ಸಾಯುತ್ತದೆ. ತಣ್ಣಗಾದರೆ ಅದು ಸೋಮಾರಿಯಾಗುತ್ತದೆ. ಅನಂತರ ಸಿಹಿರಸವನ್ನು ಬಸಿದು, ಉಳಿದ ಕಾಳಿನ ಮೇಲೆ ಬಿಸಿನೀರು ಹೊಯ್ದು ಮಿಕ್ಕ ಸಿಹಿಯನ್ನೂ ತೊಳೆದುಕೊಂಡು, ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಹುದುಗು ಹಾಕಬೇಕು.

ಹುದುಗು ಹಾಕುವ ಮುಂಚೆ ರಸದಲ್ಲಿ ಎಷ್ಟು ಸಕ್ಕರೆ ಕೂಡಿದೆಯೆಂದು ಹೈಡ್ರಾಮೀಟರನ್ನು ತೇಲಬಿಟ್ಟು ನೋಡುತ್ತಾರೆ. ನೀರಿನ ಗುರುತ್ವ ೧.೦೦೦. ರಸವು ೧.೦೪೭ ಇದ್ದರೆ ‘ನಲವತ್ತೇಳು ಅಂಕ’ ಎನ್ನೋಣ. ಈ ಅಂಕಕ್ಕೆ ಇಲ್ಲಿ ದೊಡ್ಡ ಚರಿತ್ರೆಯೇ ಇದೆ. ಜಾನ್ ರಿಚರ್ಡ್‌ಸನ್ ಎಂಬಾತನು ೧೭೮೪ರಲ್ಲಿ ಈ ಮಾಪಕದ ಬಳಕೆಯನ್ನು ಕುರಿತು ಗ್ರಂಥ ಬರೆದನು. ಕಂದುಬಣ್ಣದ ಮಾಲ್ಟು ಬಿಳಿಯ ಮಾಲ್ಟಿಗಿಂತ ಎಷ್ಟು ಕಡಿಮೆ ಸತ್ವ ಕೊಡುತ್ತದೆಂಬುದು ಬೀರಿನವರಿಗೆ ಅಂಕೆಯಲ್ಲಿ ಕಂಡಿತು; ಕಂಡದ್ದೇ ತಡ, ಕರಿಯ ಬೀರನ್ನೂ ಅವರು ಬಿಳಿಯ ಮಾಲ್ಟಿನಿಂದ ಮಾಡಲು ತೊಡಗಿದರು. ಬಣ್ಣಕ್ಕೇನು ಗತಿ? ೧೮೧೭ರಲ್ಲಿ ಡೇನಿಯಲ್ ವೀಲರ್ ಎಂಬವನು ಮಾಲ್ಟನ್ನು ಕಾಫಿಬೀಜದಂತೆ ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟು ಪಡೆದ ಮೇಲೆ ಆ ಚಿಂತೆಯೂ ನೀಗಿತು. ೧೮೮೦ರಲ್ಲಿ ಗ್ಲಾಡ್‌ಸ್ಟನ್ನನು ಮಾಲ್ಟಿನ ಮೇಲಿದ್ದ ತೆರಿಗೆಯನ್ನು ರಸದ ಗುರುತ್ವದ ಮೇಲೆ ಹಾಕಿದನು. ೧೯೯೩ರವರೆಗೂ ಈ ದೇಶದ ಬೀರಿನ ಸುಂಕ ಅದೇ ಲೆಕ್ಕದಲ್ಲಿತ್ತು. ಹೀಗಾಗಿ ಅಜ್ಜನ ಪ್ರಾಯದವರಿಗೆ ಆರಂಭದ ಅಂಕವೆಂದರೆ ನಮ್ಮವರಿಗೆ ಜಾತಕವಿದ್ದಂತೆ.

ನಮ್ಮ ಅಳತೆ ಇದು: ಬಿಳಿಯ ಮಾಲ್ಟು ಮೂರೂವರೆ ಕಿಲೋ, ಅವಲಕ್ಕಿಯಂತೆ ಒತ್ತಿದ ಬಾರ್ಲಿ ಒಂದು ಕಿಲೋ, ಕಪ್ಪಗೆ ಹುರಿದ ಬಾರ್ಲಿ ಅರ್ಧ ಕಿಲೋ. ಒಳ್ಳೆಯ ಮಾಲ್ಟು ಕಿಲೋ ಒಂದಕ್ಕೆ, ಸತ್ವವೆಲ್ಲ ಇಳಿದರೆ, ಒಂದು ಲೀಟರಿನಲ್ಲಿ ಸುಮಾರು ೩೦೦ ಅಂಕ ಕೊಡುತ್ತದೆ. ಹುರಿದದ್ದು ಇನ್ನು ಸ್ವಲ್ಪ ಕಡಿಮೆ. ಎಲ್ಲ ಕೂಡಿ ೧೪೫೦ ಎಂದಿಟ್ಟುಕೊಳ್ಳಿ. ಮನೆಯ ಪಾತ್ರೆಗಳಲ್ಲಿ ನೂರಕ್ಕೆ ೭೫ರಷ್ಟು ಕೈಗೆ ಬಂದರೆ ತೃಪ್ತಿಪಡಬೇಕು. ೨೩ ಲೀಟರಿಗೆ ಹಂಚಿದರೆ ನಲವತ್ತೇಳು.

ಸೆಪ್ಟೆಂಬರಿನ ಮೊದಲ ಭಾನುವಾರ ಹೈಡ್ರಾಮೀಟರು ತೋರಿಸಿದ್ದು ಮೂವತ್ತೈದು.

ರಸವಿನ್ನೂ ೩೨ ಡಿಗ್ರಿ ಬಿಸಿಯಿತ್ತು. ಹೈಡ್ರಾಮೀಟರನ್ನು ೨೦ ಡಿಗ್ರಿಗೆ ಗುರುತು ಹಾಕಿರುತ್ತಾರೆ. ಬಿಸಿಯ ದ್ರವ ಹಗುರವಾದುದರಿಂದ ಅಂಕ ಕಡಿಮೆಯಾಗಿ ಕಾಣುತ್ತದೆ. ಅದಕ್ಕೆಂದು ಮೂರು ಸೇರಿಸಿದರೂ ಮೂವತ್ತೆಂಟೇ. ಒಂಬತ್ತು ಅಂಕಗಳು ಎಲ್ಲಿಯೋ ಸೋರಿಹೋಗಿದ್ದುವು. ಇದರಿಂದ ಅಮಲು ಕಡಿಮೆಯಾಗುವುದೊಂದೇ ಆಗಿದ್ದರೆ ನಮಗೆ ವ್ಯಥೆಯಿರುತ್ತಿರಲಿಲ್ಲ. ಹುರಿದ ಬಾರ್ಲಿಯ ಕಹಿ ಅಷ್ಟೇ ಇದ್ದು, ಅದನ್ನು ಹೊರುವ ಮೈಯೇ ತೆಳ್ಳಗಾದರೆ, ಚಿಕೋರಿ ಹೆಚ್ಚಾಗಿ ಹಾಲು ಕಡಿಮೆಯಾದ ಕಾಫಿಯಂತೆ ಅದು ಗಂಟಲಿಗೆ ಒರಟಾಗುತ್ತದೆ. ಅಜ್ಜನಿಗೆ ವರದಿ ಒಪ್ಪಿಸಿದೆವು. ‘ಸರಿಯಾಗಿ ಕಲಕಿರಲಾರಿರಿ’ ಎಂದರು. ಮಾತು ಮೆತ್ತಗಿತ್ತು, ನಮಗೆ ಮಾತ್ರ ಚುಚ್ಚಿತು.

ಆ ರಸವನ್ನು ಎತ್ತಿ ನಿಲ್ಲಿಸುವ ಉಪಾಯಗಳಿಲ್ಲದಿರಲಿಲ್ಲ. ಅಂಗಡಿಯಲ್ಲಿ ಸಿಗುವ ಒಣ ಮಾಲ್ಟಿನ ಸಾರವನ್ನು ಆರುನೂರು ಗ್ರಾಮಿನಷ್ಟು ಕರಗಿಸಿ ಹಾಕಿದ್ದರೆ ಅಂಕ ನಲವತ್ತೇಳಾಗುತ್ತಿತ್ತು. ಇಲ್ಲವೆ ಇನ್ನೂ ಕುದಿಸಿ ಇಂಗಿಸಬಹುದಾಗಿತ್ತು; ಆಗ ಐದು ಲೀಟರು ಆವಿಯಾಗಿ ಹೋಗುತ್ತಿತ್ತು. ಅಜ್ಜ ಎರಡನ್ನೂ ಒಪ್ಪಲಿಲ್ಲ. ‘ಅದು ಹೇಗಿದೆಯೋ ಹಾಗೆ ಹುದುಗಲಿ, ನವೆಂಬರಿಗೆ ಇನ್ನೊಂದು ಮಾಡಿ’ ಎಂದರು. ಸ್ಟೌಟಿಗೆ ಒಂದು ತಿಂಗಳಾದರೂ ವಿಶ್ರಾಂತಿ ಬೇಕು. ಅಕ್ಟೋಬರಿನ ಮೊದಲ ವಾರದೊಳಗೆ ದೋಷ ಕಾಣದೆ ಹೋದರೆ ಆ ದಿನಕ್ಕೆ ಅಂಗಡಿಯ ಬಾಟ್ಲಿಯೇ ಗತಿ.

ಒಂದೊಂದಾಗಿ ಪರೀಕ್ಷಿಸಿದೆವು. ಹೈಡ್ರಾಮೀಟರನ್ನು ೨೦ ಡಿಗ್ರಿಯ ಬರಿನೀರಿನಲ್ಲಿ ಬಿಟ್ಟರೆ ನೇರ ೧.೦೦೦ ತೋರಿಸಿತು, ಅದು ನಿರ್ದೋಷಿ. ಥರ್ಮಾಮೀಟರು ಕುದಿಯುವ ನೀರಿನಲ್ಲಿಯೂ ಮಂಜುಗಡ್ಡೆಯಲ್ಲಿಯೂ ಒಂದು ಡಿಗ್ರಿಗಿಂತ ಹೆಚ್ಚು ಸುಳ್ಳಾಡಲಿಲ್ಲ. ಬಕೆಟ್ಟು ಮಾತ್ರ ಕಳ್ಳ. ಅದರ ಮೈಮೇಲೆ ೨೩ ಎಂದು ಅಚ್ಚೊತ್ತಿದ ಗೆರೆಯವರೆಗೆ ಲೀಟರಿನ ಪಾತ್ರೆಯಿಂದ ಎಣಿಸಿ ಹೊಯ್ದರೆ ಇಪ್ಪತ್ತನಾಲ್ಕೂವರೆ ಲೀಟರು ಹಿಡಿಯಿತು. ಗೆರೆ ಮುಟ್ಟಿಸುವ ಆತುರದಲ್ಲಿ ಒಂದೂವರೆ ಲೀಟರು ನೀರನ್ನು ನಾವೇ ಬೆರೆಸಿದ್ದೆವು! ಎರಡೂವರೆ ಅಂಕ ಅಲ್ಲಿ ಹೋಗಿತ್ತು. ಉಳಿದ ಆರೂವರೆ?

ನೀರಿನ ಮೇಲೆ ಸಂಶಯ ಬಂದಿತು. ಈ ಊರಿಗೆ ೧೮೯೪ರಿಂದ ಥರ್ಲ್‌ಮಿಯರ್ ಎಂಬ ಬೆಟ್ಟದ ಸರೋವರದಿಂದ ನೀರು ಬರುತ್ತದೆ. ಸೋಪು ಸೋಕಿದರೆ ನೊರೆಯೇಳುವ ಮೆದುನೀರು. ಹುರಿದ ಕಾಳು ಹುಳಿಯ ಸ್ವಭಾವದ್ದು. ಲಂಡನ್ನಿನ ಸುಣ್ಣದ ನೀರಾದರೆ ಆ ಹುಳಿಯನ್ನು ತಡೆದುಕೊಳ್ಳುತ್ತದೆ. ಆ ಪಟ್ಟಣದಲ್ಲಿ ಕರಿಯ ಬೀರು ಬೆಳೆಯಲು ಅದೂ ಒಂದು ಕಾರಣ. ನಮ್ಮ ನೀರಿಗೆ ಆ ತ್ರಾಣವಿಲ್ಲ. ಡಯಾಸ್ಟೇಸಿಗೆ ಪಿಎಚ್ ೫.೨ರಿಂದ ೫.೬ರವರೆಗೆ ಹಿತವೆನ್ನುತ್ತಾರೆ, ತೆಗೆದಿಟ್ಟಿದ್ದ ರಸವನ್ನು ಅಳೆದರೆ ೫.೦ ಇತ್ತು. ಇದಕ್ಕೆ ಔಷಧ ಒಂದು ಚಹಾ ಚಮಚ ಅಡಿಗೆ ಸೋಡ. ಆದರೆ ಇಷ್ಟರಿಂದಲೇ ಆರೂವರೆ ಅಂಕ ಹೋಗುವುದೆಂದು ನಂಬಲು ಮನಸ್ಸೊಪ್ಪಲಿಲ್ಲ.

ಅಯೋಡಿನ್ನಿನ ಪರೀಕ್ಷೆಯೊಂದುಂಟು, ನಮ್ಮನ್ನು ದಾರಿ ತಪ್ಪಿಸಿದ್ದು ಅದೇ. ರಸದ ಹನಿಯನ್ನು ಸೀಮೆಸುಣ್ಣದ ಕಡ್ಡಿಯ ಮೇಲೆ ಬಿಟ್ಟು ಅಯೋಡಿನ್ ತಗುಲಿಸಿದರೆ, ಪಿಷ್ಟ ಉಳಿದಿದ್ದಲ್ಲಿ ನೀಲಿಗಪ್ಪಾಗಬೇಕು. ಆಗಿರಲಿಲ್ಲ. ಆದಕಾರಣ ಪಿಷ್ಟವೆಲ್ಲ ಸಕ್ಕರೆಯಾಗಿದೆ, ತೊಳೆದುಕೊಳ್ಳುವುದರಲ್ಲಿಯೇ ತಪ್ಪಿರಬೇಕು ಎಂದು ತೀರ್ಮಾನಿಸಿದೆವು. ತಪ್ಪು ಅಲ್ಲಿಯೂ ಇದ್ದಿತು, ಸುಳ್ಳಲ್ಲ. ಫಿಲ್ಟರಿನಲ್ಲಿ ಕಾಫಿಪುಡಿಯ ಮೇಲೆ ನೀರನ್ನು ಧಸಕ್ಕನೆ ಸುರಿದರೆ ಅದು ಒಂದು ಕಡೆ ತೂತು ಮಾಡಿಕೊಂಡು ಇಳಿದುಬಿಡುತ್ತದೆ, ಡಿಕಾಕ್ಷನ್ ನೀರಾಗುತ್ತದೆ. ನಾವು ಹತ್ತೇ ನಿಮಿಷದಲ್ಲಿ ಎಲ್ಲ ನೀರನ್ನೂ ಸುರಿದಿದ್ದೆವು.

ನಿಜವಾದ ಕಳ್ಳನನ್ನು ಹಿಡಿದವಳು ಮನೆಯಾಕೆ, ಅದೂ ಹಲ್ಲಿನಿಂದ. ಬಸಿದು ಉಳಿದ ಕಾಳಿನ ಚರಟವನ್ನು ಚೆಲ್ಲುವುದು ಆಕೆಗೆ ಸೇರದು. ಅದಕ್ಕೆ ಅಕ್ಕಿಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿಸಿ ರೊಟ್ಟಿ ತಟ್ಟುತ್ತಾಳೆ. ಸಿಪ್ಪೆ ಸ್ವಲ್ಪ ಹೆಚ್ಚೆನಿಸಿದರೂ ರುಚಿಗೇನೂ ಕೊರತೆಯಿಲ್ಲ. ಡಬ್ಬಿಯಲ್ಲಿ ತಣ್ಣಗಿಟ್ಟಿದ್ದ ಚರಟದಿಂದ ಒಂದು ಸಂಜೆ ರೊಟ್ಟಿ ಮಾಡಿ, ತುಣುಕು ಬಾಯಿಗೆ ಹಾಕಿಕೊಂಡವಳು ತಟ್ಟನೆ ನಿಂತಳು. ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು ದೀಪದ ಕೆಳಗೆ ಹಿಡಿದಳು.

‘ನೋಡಿ, ಇದು ತರಿಯೂ ಅಲ್ಲ, ನುಚ್ಚೂ ಅಲ್ಲ. ಇಡೀ ಕಾಳು.’

ಉಗುರಿನಿಂದ ಸೀಳಿದರೆ ಒಳಗೆ ಬೆಳ್ಳನೆಯ ಹಿಟ್ಟು ಹಾಗೆಯೇ ಕುಳಿತಿತ್ತು. ಒಡೆಯದ ಕಾಳಿನ ಹೊಟ್ಟೆಗೆ ನೀರು ಸರಿಯಾಗಿ ಹೋಗದು, ಪಿಷ್ಟ ಹೊರಗೆ ಬಾರದು. ಅಯೋಡಿನ್ ಹನಿ ರಸದ ಸಾಕ್ಷಿಯನ್ನು ಹೇಳೀತೇ ಹೊರತು ಕಾಳಿನೊಳಗಿನದನ್ನು ಏನು ಬಲ್ಲದು? ಚೀಲದ ತಳದಲ್ಲಿ ಉಳಿದಿದ್ದ ಒಡೆದ ಮಾಲ್ಟನ್ನು ಮೊರದಲ್ಲಿ ಹರಡಿ ಆಕೆ ನೂರು ಕಾಳು ಎಣಿಸಿದಳು. ಇಪ್ಪತ್ತು ಇಡಿಯಾಗಿದ್ದುವು. ಕಾಳು ಒಡೆಯುವ ಕೆಲಸ ನಮ್ಮದೇ ಆದರೂ, ತಲೆಯೆತ್ತಿ ಒಂದು ಹಿಡಿಯನ್ನಾದರೂ ನಾವು ನೋಡಿರಲಿಲ್ಲ. ಅಜ್ಜನ ಯಂತ್ರವಲ್ಲವೆ, ಅದರಲ್ಲಿ ನೋಡುವುದೇನು!

ಯಂತ್ರದಲ್ಲಿ ಎರಡು ಉಕ್ಕಿನ ಉರುಳೆಗಳಿವೆ; ಅವುಗಳ ನಡುವಿನ ಸಂದು ಸುಮಾರು ಒಂದು ಮಿಲಿಮೀಟರು ಇರಬೇಕು. ಸಂದು ಕಿರಿದಾದರೆ ಸಿಪ್ಪೆ ಪುಡಿಯಾಗಿ, ತೀರ ನುಣ್ಣಗೆ ಬೀಸಿದ ಕಾಫಿಪುಡಿಯಂತೆ ಕಟ್ಟಿಕೊಂಡು ರಸ ಇಳಿಯದು. ಅಗಲವಾದರೆ ನಮಗಾದ ಗತಿ. ಈಗ ಅದು ಒಂದೂವರೆಗೂ ಮೀರಿತ್ತು.

ವಾಚಕರು ನಗಬಾರದು: ತಪ್ಪು ಸಿಕ್ಕಿದ ಆ ರಾತ್ರಿ ನಮ್ಮ ಮನೆಯಲ್ಲಿ ಉತ್ಸಾಹವೇನೂ ಇರಲಿಲ್ಲ. ಆ ಯಂತ್ರವನ್ನು ಕುರಿತು ಅಜ್ಜ ಹೇಳುತ್ತಿದ್ದುದು ಒಂದೇ ಮಾತು: ನಲವತ್ತು ವರ್ಷ ಒಂದು ಕೂದಲೆಳೆಯಷ್ಟೂ ಕದಲಿಲ್ಲ. ಕಣ್ಣು ಹೋಯಿತು, ಮೋಟಾರು ಹೋಯಿತು, ಓದುವುದು ಹೋಯಿತು. ಕೈಕೆಲಸದ ಹೆಸರೊಂದು ಉಳಿದಿತ್ತು. ತಿರುಪನ್ನು ನಾವೇ ಬಿಗಿದು ಸುಮ್ಮನಿದ್ದುಬಿಡೋಣ, ಚೆನ್ನಾಗಿ ಕಲಕಿದೆವು, ಅಂಕ ಬಂದಿತು ಎಂದು ಹೇಳಿದರಾಯಿತು ಎಂದು ನಾವೆಂದೆವು. ಅದರಲ್ಲಿ ದಯೆಯೂ ಇತ್ತು. ನಿಜ ಹೇಳಬೇಕಾದರೆ ಹೇಡಿತನವೂ ಇತ್ತು.

‘ಅವರ ಯಂತ್ರ. ಅವರಿಗೆ ತಿಳಿಯದ ಹಾಗೆ ಅದನ್ನು ನೀವು ಮುಟ್ಟುತ್ತೀರಾ?’ ಎಂದಳು ಆಕೆ. ‘ನೀವು ಏನೂ ಹೇಳಬೇಡಿ. ನಾನು ಕೊಟ್ಟು ಬರುತ್ತೇನೆ.’

ಏನು ಕೊಡುತ್ತಾಳೆಂದು ನಮಗೆ ಅರ್ಥವಾಗಲಿಲ್ಲ. ಮರುದಿನ ಒಡೆದ ಮಾಲ್ಟನ್ನು ಒಂದು ಬಟ್ಟಲಿನಲ್ಲಿ ತುಂಬಿಕೊಂಡು ಹೊರಟಳು; ಹಿಂದೆ ನಾವು. ಅಜ್ಜನ ಕೈಗೆ ಬಟ್ಟಲನ್ನಿತ್ತು, ಇದು ಹೇಗಿದೆ ನೋಡಿ ಹೇಳಬೇಕು ಎಂದಷ್ಟೇ ಕೇಳಿದಳು. ಅವರು ಬೆರಳುಗಳನ್ನು ಅದರೊಳಗಿಟ್ಟು, ಹೆಬ್ಬೆರಳಿನಿಂದ ಮೆಲ್ಲನೆ ತಿಕ್ಕಿದರು. ನಮ್ಮ ಕಡೆಯ ಹೆಂಗಸರು ರವೆ ಕೊಳ್ಳುವಾಗ ಮಾಡುವಂತೆಯೇ. ಹುಬ್ಬು ಗಂಟಿಕ್ಕಿತು.

‘ಇದು ನನ್ನ ಯಂತ್ರದ್ದಲ್ಲ.’

‘ನಿಮ್ಮದೇ’ ಎಂದಳು.

ಬಹಳ ಹೊತ್ತು ಅವರು ಮಾತಾಡಲಿಲ್ಲ. ಬೆರಳುಗಳು ಮಾತ್ರ ಆಡುತ್ತಲೇ ಇದ್ದುವು. ಕೊನೆಗೆ, ವಸಂತದಲ್ಲಿ ಅದನ್ನು ಬಿಚ್ಚಿ ಎಣ್ಣೆ ಹಾಕಿದುದಾಗಿಯೂ, ತಿರುಗಿ ಕೂಡಿಸುವಾಗ ಸಂದನ್ನು ಕಣ್ಣಳತೆಯಿಂದ ಇಟ್ಟುದಾಗಿಯೂ ಹೇಳಿದರು. ‘ಕಣ್ಣಳತೆ’ ಎಂಬ ಮಾತನ್ನು ಎರಡು ಸಲ ಹೇಳಿದರು. ನಾವು ಗೋಡೆಯ ಮೇಲಿನ ಗಡಿಯಾರವನ್ನು ನೋಡುತ್ತ ನಿಂತೆವು. ಆಮೇಲೆ ಅವರು ನಮ್ಮ ಕಡೆ ತಿರುಗಿ, ಕಲಕಲಿಲ್ಲವೆಂದು ನಿಮ್ಮನ್ನು ಅಂದುಬಿಟ್ಟೆನಲ್ಲ ಎಂದರು. ಅದಕ್ಕೆ ಏನುತ್ತರ ಕೊಟ್ಟೆವೋ ನೆನಪಿಲ್ಲ. ಕಲಕಿದ್ದೂ ಅಷ್ಟಕ್ಕಷ್ಟೆ ಎಂದಿರಬೇಕು.

ಯಂತ್ರವನ್ನು ತರಹೇಳಿದರು. ಒಳಗೆ ಹೋಗಿ ತಮ್ಮ ಹತಾರದ ಪೆಟ್ಟಿಗೆಯಿಂದ ಉಕ್ಕಿನ ಎಲೆಗಳ ಒಂದು ಸಣ್ಣ ಕಟ್ಟನ್ನು ತಂದರು. ಒಂದು ತುದಿಯಲ್ಲಿ ಮೊಳೆಯಿಂದ ಕೂಡಿಸಿದ, ಓಲೆಗರಿಯ ಪುಸ್ತಕದಂಥದು. ಒಂದೊಂದು ಎಲೆಯೂ ಒಂದೊಂದು ದಪ್ಪ, ಮೇಲೆ ಅಂಕೆ ಕೆತ್ತಿದೆ. ಅಂಗುಲವನ್ನು ಸಾವಿರ ಮಾಡಿದುದರಲ್ಲಿ ನಲವತ್ತು ಭಾಗದ ಎಲೆ ಬೇಕು, ಅಂದರೆ ಒಂದು ಮಿಲಿಮೀಟರಿಗೆ ಕೂದಲಷ್ಟು ಹೆಚ್ಚು. ಅಂಕೆಯನ್ನು ಓದಿದವಳು ಮನೆಯಾಕೆ. ಎಲೆಯನ್ನು ಉರುಳೆಗಳ ನಡುವೆ ತೂರಿಸಿ, ತಿರುಪನ್ನು ಬಿಗಿಯುತ್ತ, ಎಲೆಯನ್ನು ಎಳೆದೆಳೆದು ನೋಡಿ, ತಕ್ಕ ಬಿಗುವು ಬೆರಳಿಗೆ ಸಿಕ್ಕಿದಾಗ ನಿಲ್ಲಿಸಿದವರು ಅಜ್ಜ. ಎರಡು ತುದಿಗಳಲ್ಲಿಯೂ ಮೂರು ಮೂರು ಸಲ ನೋಡಿದರು. ಒಂದು ಹಿಡಿ ಮಾಲ್ಟನ್ನು ಒಡೆಯಿಸಿ ತಿಕ್ಕಿ ನೋಡಿ, ‘ಹೂಂ’ ಎಂದರು.

ಅಕ್ಟೋಬರಿನ ಮೊದಲ ಶನಿವಾರ ಎರಡನೆಯ ಸಲ ಮಾಡಿದೆವು. ಬಕೆಟ್ಟಿಗೆ ಹೊಸ ಗೆರೆ, ನೀರಿಗೆ ಸೋಡ, ೭೫ ಡಿಗ್ರಿಯ ನೀರಿನಿಂದ ಮುಕ್ಕಾಲು ಗಂಟೆ ಸಾವಕಾಶವಾಗಿ ತೊಳೆದುದು, ಯಂತ್ರದ ಸಂದು: ನಾಲ್ಕನ್ನೂ ಒಟ್ಟಿಗೆ ಬದಲಿಸಿದೆವು. ಶಾಸ್ತ್ರಜ್ಞರು ಇದನ್ನು ಒಪ್ಪಲಾರರು. ಡಬ್ಲಿನ್ನಿನ ಗಿನ್ನೆಸ್ ಬೀರಿನ ಕಾರ್ಖಾನೆಗೆ ೧೮೯೯ರಲ್ಲಿ ಸೇರಿದ ವಿಲಿಯಂ ಗಾಸೆಟ್ ಎಂಬವರು, ನಾಲ್ಕಾರು ಅಳತೆಗಳನ್ನು ಮಾತ್ರ ಕೈಯಲ್ಲಿಟ್ಟುಕೊಂಡು ಎಷ್ಟರಮಟ್ಟಿಗೆ ನಿಶ್ಚಯವಾಗಿ ಮಾತಾಡಬಹುದೆಂಬ ಪ್ರಶ್ನೆಯ ಮೇಲೆ ೧೯೦೮ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಲೇಖನ ಬರೆದು ಗಣಿತಲೋಕದಲ್ಲಿ ಸ್ಥಿರವಾದ ಹೆಸರು ಪಡೆದರು. ಒಂದೇ ಅಳತೆಯಿಂದ ನಾಲ್ಕು ಕಾರಣಗಳಿಗೆ ಪಾಲು ಹಂಚಹೊರಟರೆ ಅವರು ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಬಕೆಟ್ಟಿನ ಪಾಲು ಬರಿಯ ಭಾಗಾಕಾರ, ಅದು ಖಂಡಿತ. ಉಳಿದುದರಲ್ಲಿ ಸೋಡಕ್ಕೆ ಎಷ್ಟು, ಯಂತ್ರಕ್ಕೆ ಎಷ್ಟು ಎಂದು ತಿಳಿಯಲು ಒಂದನ್ನೇ ಬದಲಿಸುತ್ತ ಇನ್ನೂ ಹಲವು ಸಲ ಮಾಡಬೇಕಾಗಿತ್ತು. ನಮಗೆ ಇದ್ದುದು ಒಂದೇ ಶನಿವಾರ.

ರಸವನ್ನು ಈ ಸಲ ೨೦ ಡಿಗ್ರಿಗೆ ಆರಿಸಿ, ಚೆನ್ನಾಗಿ ಕಲಕಿಯೇ ತೆಗೆದೆವು. ಅಜ್ಜ ನಮ್ಮ ಅಡಿಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಹೈಡ್ರಾಮೀಟರು ಅಲ್ಲಾಡಿ ನಿಂತಿತು. ಮನೆಯಾಕೆ ಬಗ್ಗಿ ಓದಿ, ನಲವತ್ತಾರು ಎಂದಳು.

‘ಇನ್ನೊಂದು ಎಲ್ಲಿ?’ ಎಂದರು ಅಜ್ಜ.

ನವೆಂಬರಿನಲ್ಲಿ ಬೀದಿಯವರು ಸೇರಿದರು. ಹಿಂದಿನ ವರ್ಷದಂತೆಯೇ ಇದೆ ಎಂದವರೂ ಉಂಟು, ಕೊಂಚ ಮೃದುವಾಯಿತು ಎಂದವರೂ ಉಂಟು. ಮೂವತ್ತೆಂಟರದನ್ನು ಅಜ್ಜನೂ ನಾವೂ ಡಿಸೆಂಬರಿನವರೆಗೆ ಕುಡಿದು ತೀರಿಸಿದೆವು. ಅದು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಉಕ್ಕಿನ ಎಲೆಗಳ ಕಟ್ಟನ್ನು ಹಿಂದಕ್ಕೆ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ. ಅದೀಗ ನಮ್ಮ ಅಡಿಗೆಮನೆಯಲ್ಲಿ ಒಗ್ಗರಣೆ ಡಬ್ಬಿಯ ಪಕ್ಕದಲ್ಲಿದೆ. ಕಾಳು ಒಡೆಯುವ ದಿನ ಅವರು ಬರುತ್ತಾರೆ; ಅಂಕೆಯನ್ನು ಆಕೆ ಓದುತ್ತಾಳೆ, ಎಲೆಯನ್ನು ಅವರು ಎಳೆದು ನೋಡುತ್ತಾರೆ, ಹಿಡಿ ತಿರುಗಿಸುವುದು ನಮ್ಮ ಕೆಲಸ.